ಅಂಚೆಚೀಟಿಯ ಮದರಸಾ, ಅಂಚಿನ ಮನುಷ್ಯ

ಹೈದರಾಬಾದ್ ಸಂಸ್ಥಾನ 1931ರಲ್ಲಿ ಹೊರತಂದ ಚಿತ್ರದ ಅಂಚೆಚೀಟಿಗಳಲ್ಲಿ ಬೀದರಿಗೆ ಸಿಕ್ಕಿದ್ದು 12 ಆಣೆಯ ಚೀಟಿ. ಒಂದಾಣೆಯ ಮೇಲೆ ಚಾರ್‌ಮಿನಾರ್, ಎಂಟಾಣೆಯ ಮೇಲೆ ಅಜಂತಾ, ಹನ್ನೆರಡಾಣೆಯ ಮೇಲೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ. ಮುಕ್ಕಾಲು ರೂಪಾಯಿಯ ಚೀಟಿ ಕಾರ್ಡಿಗೆ ಅಂಟಿಸುವಂಥದ್ದಲ್ಲ, ಭಾರದ ಲಕೋಟೆಗೆ, ಪಾರ್ಸೆಲ್ಲಿಗೆ ಬೇಕಾಗುವಂಥದ್ದು. ಭಾಲ್ಕಿ ಕಡೆಯ ರೈತ ಬೀಗರಿಗೆ ಬರೆಸಿದ ಕಾರ್ಡಿನ ಮೇಲೆ ತನ್ನದೇ ಜಿಲ್ಲೆಯ ಮದರಸಾ ಕಾಣಿಸಿಕೊಂಡಿರುವ ಸಂಭವ ತೀರಾ ಕಡಿಮೆ. ಬರೆಸಿದ ಎಂದೆ, ಏಕೆಂದರೆ 1901ರ ಜನಗಣತಿಯ ಹೊತ್ತಿಗೆ ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಮೂವರು.

ಹಳೆಯ ಚಿತ್ರಗಳಲ್ಲಿ ಈ ಸೀಮೆಯ ದಿನನಿತ್ಯದ ಬದುಕನ್ನು ಹುಡುಕುವವರಿಗೆ ಮೊದಲು ಎದುರಾಗುವುದು ಚಿತ್ರಕ್ಕೂ ಜನರಿಗೂ ನಡುವಿನ ಈ ದೂರವೇ.

ಕ್ಯಾಮೆರಾ ಇಲ್ಲಿಗೆ ಬಂದದ್ದು ಕಲ್ಲನ್ನು ನೋಡಲು. ಪುರಾತತ್ವಜ್ಞ ಜೇಮ್ಸ್ ಬರ್ಜೆಸ್ 1878ರಲ್ಲಿ ಬೀದರ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಅವಶೇಷಗಳ ವರದಿ ಪ್ರಕಟಿಸಿದರು. ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಸಂಸ್ಥಾನದ ಸ್ಮಾರಕಗಳನ್ನು ಸೆರೆಹಿಡಿದರು. 1914ರಲ್ಲಿ ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥ ಗುಲಾಂ ಯಜ್ದಾನಿ ಬೀದರಿನ ಇತಿಹಾಸ, ಸ್ಮಾರಕಗಳ ಬಗ್ಗೆ 1947ರಲ್ಲಿ ತಂದ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ಚಿತ್ರಫಲಕಗಳಿವೆ. 1472ರಲ್ಲಿ ಕಟ್ಟಿದ ಮದರಸಾದ ಒಂದು ಭಾಗ 1696ರ ಮದ್ದಿನ ಸ್ಫೋಟದಲ್ಲಿ ಹಾರಿಹೋಗಿತ್ತು. ಉಳಿದ ಮಿನಾರು, ಅದಕ್ಕಂಟಿದ ಬಣ್ಣದ ಹೆಂಚು: ಬಂದವರ ಕಣ್ಣೆಲ್ಲ ಅದರ ಮೇಲೆ.

ಮನುಷ್ಯ ಬಂದದ್ದು ಅಳತೆಗೆ. ಕಮಾನಿನ ಎತ್ತರ ತಿಳಿಯಲೆಂದು ಒಬ್ಬನನ್ನು ಕೆಳಗೆ ನಿಲ್ಲಿಸುವುದು ಆ ಕಾಲದ ರೂಢಿ. ಅವನ ಹೆಸರು ಶೀರ್ಷಿಕೆಯಲ್ಲಿ ಇರುವುದಿಲ್ಲ. ನನಗಂತೂ ಮಿನಾರಿಗಿಂತ ಅವನೇ ಮುಖ್ಯ: ರುಮಾಲು ಸುತ್ತಿದ ಬಗೆ, ಕಾಲಲ್ಲಿ ಜೋಡು ಇದೆಯೋ ಇಲ್ಲವೋ, ನಿಂತ ನಿಲುವಿನಲ್ಲಿರುವ ಅಂಜಿಕೆ. ಹೆಂಗಸರು ಇನ್ನೂ ವಿರಳ. 1892ರಲ್ಲಿ ಹೈದರಾಬಾದಿನಲ್ಲಿ ದೀನ್ ದಯಾಳ್ ತೆರೆದ ಜನಾನಾ ಸ್ಟುಡಿಯೋ ಉಳ್ಳವರ ಮನೆಯ ಹೆಂಗಸರಿಗೆ, ಕಳೆ ಕೀಳುವವಳಿಗಲ್ಲ.

ಬೀದರಿನ ಲೋಹಕಲೆಯಾದ ಬಿದ್ರಿಯ ಕಥೆಯೂ ಹೀಗೇ. 1851ರ ಲಂಡನ್ ಪ್ರದರ್ಶನಕ್ಕೇ ಹೋಗಿದ್ದ ಹುಕ್ಕಾ, ಸುರಾಹಿಗಳು ಸೂಚಿಪುಸ್ತಕಗಳಲ್ಲಿ ಮೆರೆದವು. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿತಂತಿ ಕೂಡಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಪ್ಪು ಮಾಡುವ ಕೈಗಳು ಚೌಕಟ್ಟಿನ ಹೊರಗುಳಿದವು.

ಕಲ್ಲಿನ ವೈಭವ ಕಡಿಮೆಯಿದ್ದ ಭಾಲ್ಕಿ, ಔರಾದಗಳತ್ತ ಕ್ಯಾಮೆರಾ ತಿರುಗಿದ್ದೇ ಅಪರೂಪ. ಔರಾದದ ಅಮರೇಶ್ವರ ಜಾತ್ರೆ, ದೇವಣಿ ದನಗಳ ವ್ಯಾಪಾರ ಯಾವ ಅಂಚೆಚೀಟಿಗೂ ಏರಲಿಲ್ಲ. ಇಲ್ಲಿಗೆ ತಲುಪುವ ದಾರಿಯೂ ತಡವಾಗಿ ಬಂತು: ವಿಕಾರಾಬಾದಿನಿಂದ ಬೀದರಿಗೆ, ಅಲ್ಲಿಂದ ಭಾಲ್ಕಿ ದಾಟಿ ಪರಳಿಯತ್ತ ರೈಲು ಹಳಿ ಬಿದ್ದದ್ದೇ 1930ರ ದಶಕದ ಆರಂಭದಲ್ಲಿ.

ಇದ್ದ ಚಿತ್ರವೂ ಪೂರ್ತಿ ಸಾಕ್ಷಿಯಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಶಾಲೆಯನ್ನು ಬೀದಿಯಿಂದ ಯಾರಾದರೂ ಫೋಟೋ ಹೊಡೆದಿದ್ದರೆ ಇವತ್ತು ನಾವದನ್ನು ಉರ್ದು ಶಾಲೆಯೆಂದೇ ದಾಖಲಿಸುತ್ತಿದ್ದೆವು. ಒಳಗಿನ ಪಾಠ ಉಳಿದದ್ದು ಕಲಿತವರ ಬಾಯಲ್ಲಿ.

ಆದ್ದರಿಂದ ಬೀದರ, ಭಾಲ್ಕಿ, ಔರಾದ ಈ ಮೂರು ಊರುಗಳ ಮನೆಯವರಲ್ಲಿ ಒಂದು ಕೋರಿಕೆ. ಅಟ್ಟದ ಟ್ರಂಕಿನಲ್ಲಿ ಅಜ್ಜನ ಫೋಟೋ, ಮಾಸಿದ ಕಾರ್ಡು ಸಿಕ್ಕರೆ ಅಂಟು ಹಚ್ಚಿ ಆಲ್ಬಮ್ಮಿಗೆ ಮೆತ್ತಬೇಡಿ; ಹಿಂಬದಿಯ ಬರಹ, ಠಸ್ಸೆ ಕಾಣುವ ಹಾಗಿರಲಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಅಂಚಿನಲ್ಲಿ ನಿಂತವರು ಯಾರು ಎಂದು ಕೇಳಿ, ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಜತೆಗಿಡಿ.