ಲೈಸಿನ್: ಆಹಾರದಲ್ಲಿನ ಮೂಲಗಳು

ಲೈಸಿನ್ ಎಂಬುದು ಅತ್ಯವಶ್ಯಕ ಅಮೈನೋ ಆಮ್ಲಗಳಲ್ಲಿ ಒಂದು. ಇದನ್ನು ಶರೀರವು ತಾನಾಗಿ ತಯಾರಿಸಿಕೊಳ್ಳಲಾರದು. ಆದ್ದರಿಂದ ಆಹಾರದಿಂದಲೇ ಪಡೆಯತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಮಿ.ಗ್ರಾಂ ಅಗತ್ಯ. ಅಂದರೆ 50 ಕಿಲೋ ತೂಕದ ಮಹಿಳೆಗೆ ಒಂದೂವರೆ ಗ್ರಾಂ.

ಏಕದಳ ಧಾನ್ಯಗಳಲ್ಲಿ ಲೈಸಿನ್ ಕಡಿಮೆ. ಜೋಳದಲ್ಲಂತೂ ಬಹಳ ಕಡಿಮೆ: 400 ಗ್ರಾಂ ಹಿಟ್ಟಿನ ರೊಟ್ಟಿ ತಿಂದರೂ ದೊರೆಯುವುದು ಸುಮಾರು 0.8 ಗ್ರಾಂ ಮಾತ್ರ. ಅದರೊಡನೆ 50 ಗ್ರಾಂ ತೊಗರಿಬೇಳೆ ಸೇರಿದರೆ ಸುಮಾರು 0.7 ಗ್ರಾಂ ಒದಗಿ ಆ ದಿನದ ಅಗತ್ಯ ಬಹುತೇಕ ಪೂರೈಸುತ್ತದೆ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೋನಿನ್ ಧಾನ್ಯದಿಂದ ದೊರೆಯುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದ್ದರೂ ಮುದ್ದೆಗೆ ಕಾಳಿನ ಜೊತೆ ಬೇಕೇಬೇಕು.

ಹುರುಳಿ, ಹೆಸರು, ಅಲಸಂದೆ, ಕಡಲೆ, ಸೋಯಾ ಅವರೆ ಉತ್ತಮ ಸಸ್ಯಮೂಲಗಳು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿಯೂ ಲೈಸಿನ್ ಸಮೃದ್ಧವಾಗಿದೆ. ಶೇಂಗಾದಲ್ಲಿ ಪ್ರೋಟೀನು ಹೆಚ್ಚಿದ್ದರೂ ಅದರಲ್ಲಿ ಲೈಸಿನ್ ಪಾಲು ಕಡಿಮೆ. ರೊಟ್ಟಿಗೆ ಶೇಂಗಾ ಚಟ್ನಿಯೊಂದೇ ಸಾಲದು. ಬಸ್ಸಾರಿನ ಕಟ್ಟನ್ನಷ್ಟೇ ಬಡಿಸಿಕೊಂಡರೂ ಪ್ರಯೋಜನ ಅಲ್ಪ, ಏಕೆಂದರೆ ಪ್ರೋಟೀನಿನ ಹೆಚ್ಚಿನ ಭಾಗ ಬೆಂದ ಕಾಳಿನಲ್ಲೇ ಉಳಿದಿರುತ್ತದೆ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವ ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ಕಾಳು ಉಳಿದಿರುವಂತೆ ಕುಟುಂಬದವರು ಗಮನಿಸತಕ್ಕದ್ದು.

ಧಾನ್ಯವನ್ನು ಕರಕಲಾಗುವಂತೆ ಹುರಿದರೆ ಲೈಸಿನ್ ನಷ್ಟವಾಗುತ್ತದೆ.

ಗರ್ಭಿಣಿಯರು, ಬಾಣಂತಿಯರು ಹಾಗೂ 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಪೂರಕ ಪೌಷ್ಟಿಕ ಆಹಾರ ಪಡೆಯಲು ಸಮೀಪದ ಅಂಗನವಾಡಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದು.