ಕಾರ್ನ್‌ವಾಲ್: ಕಲ್ಲಿದ್ದಲಿಲ್ಲದ ನಾಡಿನ ಉಗಿಯಂತ್ರ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕೌಂಟಿಯಲ್ಲಿ ತವರ, ತಾಮ್ರ ಧಾರಾಳವಾಗಿದ್ದವು, ಕಲ್ಲಿದ್ದಲು ಇರಲಿಲ್ಲ. ಇಲ್ಲಿನ ಎಂಜಿನಿಯರಿಂಗ್ ಜಾಣ್ಮೆಯನ್ನು ಬೆಳೆಸಿದ್ದು ಅದಿರಿನ ಸಿರಿಗಿಂತ ಹೆಚ್ಚಾಗಿ ಈ ಕೊರತೆಯೇ ಎನ್ನಬೇಕು. ಗಣಿಗೆ ನುಗ್ಗುವ ನೀರನ್ನೆತ್ತುವ ಉಗಿಯಂತ್ರಗಳಿಗೆ ಬೇಕಾದ ಇದ್ದಲು ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ತಾಮ್ರದ ಅದಿರು ಕರಗಲು ಅಲ್ಲಿನ ಸ್ವಾನ್ಸಿಯ ಕುಲುಮೆಗಳಿಗೆ ಹೋಗಬೇಕಿತ್ತು. ಹೀಗಾಗಿ ಇದ್ದಲಿಗೆ ಕಟ್ಟುನಿಟ್ಟಿನ ಲೆಕ್ಕ. ಯಾವ ಯಂತ್ರ ಎಷ್ಟು ಇದ್ದಲು ಸುಟ್ಟು ಎಷ್ಟು ನೀರೆತ್ತಿತು ಎಂಬ ವರದಿ 1811ರಿಂದ ತಿಂಗಳು ತಿಂಗಳು ಅಚ್ಚಾಗುತ್ತಿತ್ತು. ಸೋಮಾರಿ ಯಂತ್ರದ ಮಾನ ಊರೆಲ್ಲ ಹರಾಜು!

ಉಗಿಯಂತ್ರವನ್ನು ಸುಧಾರಿಸಿದ್ದು ಜೇಮ್ಸ್ ವ್ಯಾಟ್ ಅಲ್ಲವೇ ಎಂದು ಕೇಳಬಹುದು. ನಿಜ. ಆದರೆ ಇದ್ದಲಿನ ಉಳಿತಾಯದಲ್ಲಿ ಮೂರನೇ ಒಂದು ಪಾಲನ್ನು ರಾಯಧನವಾಗಿ ಕೇಳುತ್ತಿದ್ದ ಅವನ ಪೇಟೆಂಟ್ 1800ರಲ್ಲಿ ಮುಗಿದ ಮೇಲೆಯೇ ಇಲ್ಲಿಯವನೇ ಆದ ರಿಚರ್ಡ್ ಟ್ರೆವಿಥಿಕ್‌ನ ಅಧಿಕ ಒತ್ತಡದ ಉಗಿ ಬೇರೂರಿತು. ಇಂಥ ಯಂತ್ರವನ್ನು ಇರಿಸಿದ ಯಂತ್ರಗೃಹದ ಒಂದು ಗೋಡೆ ಉಳಿದವುಗಳಿಗಿಂತ ದಪ್ಪವಾಗಿರುವುದನ್ನು ಗಮನಿಸಿ: ಎರಕದ ಕಬ್ಬಿಣದ ಭಾರೀ ತೊಲೆ ಅದರ ಮೇಲೆಯೇ ಏಳುತ್ತ ಬೀಳುತ್ತ ಪಂಪನ್ನು ಎಳೆಯುತ್ತಿತ್ತು.

1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಗಣಿಗಾರರು ದೇಶಾಂತರ ಹೊರಟರು. ಮುಂದೆ ಕೆಲವರು ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೂ ಬಂದರು. ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಈ ಗಣಿಪ್ರದೇಶ 2006ರಿಂದ ವಿಶ್ವ ಪರಂಪರೆಯ ತಾಣ.