ಸೇನೆಯ ಪೈಲಟ್ ಸಿವಿಲ್ ಕೆಲಸಕ್ಕೆ ಬಂದಾಗ: ರೆಸ್ಯೂಮೆಯಲ್ಲಿ ಏನಿರಬೇಕು, ಏನಿರಬಾರದು?

ಬೇತಮಂಗಲದ ಕೆರೆಯಿಂದ ನೀರು ಪಡೆಯುತ್ತಿದ್ದ ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ವರ್ಷಗಟ್ಟಲೆ ಭೂಮಿಯೊಳಗೆ ದುಡಿದವರ ಕೌಶಲಕ್ಕೆ ಹೊರಗೆ ಅದೇ ಬೆಲೆ ಸಿಗಲಿಲ್ಲ. ಕೆಲಸ ಗೊತ್ತಿರೋದು ಬೇರೆ, ಅದನ್ನು ಇನ್ನೊಬ್ಬರು ಒಪ್ಪುವ ಹಾಗೆ ತೋರಿಸೋದು ಬೇರೆ. ಸೇನೆ ಬಿಟ್ಟು ಸಿವಿಲ್ ವಿಮಾನಯಾನಕ್ಕೆ ಬರುವ ಪೈಲಟ್ ಮುಂದಿರುವ ಪ್ರಶ್ನೆಯೂ ಇದೇ.

ಮೊದಲು ಲೈಸೆನ್ಸ್

ಎದೆ ಮೇಲಿನ ವಿಂಗ್ಸ್ ಸಿವಿಲ್ ಲೈಸೆನ್ಸ್ ಅಲ್ಲ. ಅದನ್ನು ಕೊಡೋದು ಡಿಜಿಸಿಎ. ವಿಮಾನದ ಕಮರ್ಷಿಯಲ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ, ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 1500 ಗಂಟೆ ಹಾರಾಟ ಬೇಕು. ಜೊತೆಗೆ ನಾಗರಿಕ ವಿಮಾನಯಾನ ನಿಯಮಗಳ ಪರೀಕ್ಷೆ, ರೇಡಿಯೋ ಲೈಸೆನ್ಸ್, ಕ್ಲಾಸ್ 1 ಮೆಡಿಕಲ್. ಈ ತಪಾಸಣೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಆಗುತ್ತೆ. ಯಾವ ಲೈಸೆನ್ಸ್, ಮೆಡಿಕಲ್ ಎಂದಿನವರೆಗೆ, ಒಟ್ಟು ಎಷ್ಟು ಗಂಟೆ, ಸೇವೆಯಿಂದ ಬಿಡುಗಡೆ ಯಾವಾಗ: ಈ ನಾಲ್ಕೂ ಮೊದಲ ಪುಟದ ಮೇಲ್ಭಾಗದಲ್ಲೇ ಇರಲಿ.

ಗಂಟೆಗಳನ್ನು ಬಿಡಿಸಿ ಬರೀರಿ

'ಅಪಾರ ಅನುಭವ' ಅನ್ನೋ ಮಾತಿಗೆ ಇಲ್ಲಿ ಅರ್ಥವಿಲ್ಲ. ಕಮಾಂಡರ್ ಆಗಿ ಎಷ್ಟು, ಸಹ ಪೈಲಟ್ ಆಗಿ ಎಷ್ಟು, ರಾತ್ರಿ ಎಷ್ಟು, ಉಪಕರಣ ನೋಡಿ ಹಾರಿಸಿದ್ದು ಎಷ್ಟು, ಕಳೆದ 12 ತಿಂಗಳಲ್ಲಿ ಎಷ್ಟು ಅಂತ ಒಂದು ಪಟ್ಟಿ ಮಾಡಿ. ಹೆಲಿಕಾಪ್ಟರ್ ಮತ್ತು ವಿಮಾನದ ಗಂಟೆಗಳನ್ನು ಬೆರೆಸಬೇಡಿ. ಫೈಟರ್ ಪೈಲಟ್‌ಗಳ ಒಟ್ಟು ಗಂಟೆ ಸಾಮಾನ್ಯವಾಗಿ ಕಡಿಮೆ, ಯಾಕಂದ್ರೆ ಅವರ ಒಂದೊಂದು ಹಾರಾಟವೂ ಚಿಕ್ಕದು. ಅದನ್ನು ಮುಚ್ಚಿಡೋಕೆ ಅಂಕಿ ಹಿಗ್ಗಿಸಬೇಡಿ. ಪ್ರತಿ ಗಂಟೆಯೂ ಲಾಗ್‌ಬುಕ್‌ಗೆ ತಾಳೆಯಾಗಬೇಕು. ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು 2011ರಲ್ಲಿ ಜೈಲು ಸೇರಿದ್ದರು.

ಸೇನೆಯ ಭಾಷೆ ಬಿಡಿಸಿ ಹೇಳಿ

ರೆಸ್ಯೂಮೆಯನ್ನು ಮೊದಲು ಓದುವ ಎಚ್‌ಆರ್‌ನವರಿಗೆ 'ಫ್ಲೈಟ್ ಕಮಾಂಡರ್' ಅಂದ್ರೆ ಏನೂ ಹೊಳೆಯದೇ ಇರಬಹುದು. ಎಷ್ಟು ಪೈಲಟ್‌ಗಳ ಹೊಣೆ ಇತ್ತು, ಎಷ್ಟು ಜನಕ್ಕೆ ಹಾರಾಟ ಕಲಿಸಿದಿರಿ ಅಂತ ಹೇಳಿ. ಎಎನ್-32 ಅಂತಷ್ಟೇ ಬರೆಯದೆ 'ಎರಡು ಎಂಜಿನ್‌ನ ಟರ್ಬೊಪ್ರಾಪ್ ಸಾಗಣೆ ವಿಮಾನ' ಅಂತಲೂ ಸೇರಿಸಿ.

ಇದನ್ನು ಬರೆಯಬೇಡಿ

ಕಾರ್ಯಾಚರಣೆಯ ವಿವರ, ತುಕಡಿಯ ಬಲ, ಶಸ್ತ್ರಾಸ್ತ್ರದ ಸಾಮರ್ಥ್ಯ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ಸಮವಸ್ತ್ರ ಕಳಚಿದ ಮೇಲೂ ಅನ್ವಯಿಸುತ್ತೆ. ಪದಕಗಳಿಗೆ ಕೊನೆಯಲ್ಲಿ ಒಂದು ಸಾಲು ಸಾಕು.

ಇದು ಯಾರ ಹೊಣೆ?

ಶಾರ್ಟ್ ಸರ್ವಿಸ್‌ನಲ್ಲಿ 14 ವರ್ಷ ಹಾರಿಸಿ ಹೊರಬರುವವರಿಗೆ ಸಾಮಾನ್ಯವಾಗಿ ಪಿಂಚಣಿ ಇರೋದಿಲ್ಲ. 1990ರ ದಶಕದಲ್ಲಿ ವಾಯುಪಡೆ ಸೇರಿದ ಮೊದಲ ಮಹಿಳಾ ಪೈಲಟ್‌ಗಳು ಬಂದದ್ದೂ ಶಾರ್ಟ್ ಸರ್ವಿಸ್‌ನಲ್ಲೇ. ಅಂಥವರಿಗೆ ಈ ಎರಡು ಪುಟವೇ ಮುಂದಿನ ಅನ್ನ. ತರಬೇತಿ ಕೊಟ್ಟದ್ದು ಒಂದು ಸಚಿವಾಲಯ, ಲೈಸೆನ್ಸ್ ಕೊಡೋದು ಇನ್ನೊಂದು. ಎರಡೂ ಒಂದೇ ಸರ್ಕಾರದವು. ಹಾಗಿರುವಾಗ ಸೇವೆಯ ಕೊನೆಯ ವರ್ಷದಲ್ಲೇ ಪರೀಕ್ಷೆ, ಮೆಡಿಕಲ್, ಗಂಟೆಗಳ ದೃಢೀಕರಣ ಮುಗಿಸಿ ಕಳಿಸೋದು ಸರ್ಕಾರದ ಕೆಲಸವಾಗಬೇಕು. ಖಾಸಗಿ ಪೈಲಟ್ ತರಬೇತಿಗೆ ಲಕ್ಷಾಂತರ ರೂಪಾಯಿ ಕಟ್ಟಲಾಗದ ಬೇತಮಂಗಲ, ಬಂಗಾರಪೇಟೆಯ ಮಕ್ಕಳಿಗೆ ಆಕಾಶಕ್ಕೆ ಇರುವ ದಾರಿ ಸೇನೆಯದ್ದು. ಆ ದಾರಿ ಸೇವೆ ಮುಗಿದ ದಿನವೇ ಮುಗಿದುಹೋಗಬಾರದು.